ಅಚ್ಚಿಗೆ ಕಳಿಸುವ ಮುನ್ನ: ಪುಸ್ತಕದ ವಿನ್ಯಾಸ, ಕಾಗದ, ಬೈಂಡಿಂಗ್ ಕುರಿತ ಸಮಗ್ರ ಮಾರ್ಗದರ್ಶಿ

ಕಪಾಟಿನಿಂದ ಇನ್ನೂರು ಪುಟದ ಯಾವುದಾದರೂ ಪುಸ್ತಕ ತೆಗೆದು, ನಟ್ಟನಡುವೆ ಬಿಡಿಸಿ, ಮೇಜಿನ ಮೇಲಿಟ್ಟು ಕೈ ಬಿಡಿ. ತೆರೆದೇ ಉಳಿಯಿತೇ, ಪಟ್ಟನೆ ಮುಚ್ಚಿಕೊಂಡಿತೇ? ಸಾಲಿನ ತುದಿಯ ಅಕ್ಷರಗಳು ಬೆನ್ನಿನ ಸಂದಿಯೊಳಗೆ ಇಳಿದುಹೋಗಿವೆಯೇ? ಹಿಂಬದಿಯ ಅಕ್ಷರಗಳು ಈ ಬದಿಗೆ ನೆರಳಿನ ಹಾಗೆ ಕಾಣುತ್ತಿವೆಯೇ? ಪುಸ್ತಕ ಮಾಡಿದವರು ಓದುವವರನ್ನು ಎಷ್ಟು ನೆನೆದಿದ್ದರು ಎಂಬುದು ಇಷ್ಟರಲ್ಲೇ ಗೊತ್ತಾಗಿಬಿಡುತ್ತದೆ.

ಚೆನ್ನಾದ ಪುಸ್ತಕ ತರಲು ದುಡ್ಡು ಬೇಕು ಎನ್ನುವುದು ಅರ್ಧ ನಿಜ. ಅಂಚು ಎಷ್ಟು ಬಿಡಬೇಕು, ಸಾಲಿನ ನಡುವೆ ಎಷ್ಟು ಜಾಗ ಬೇಕು, ಕಾಗದದ ನಾರು ಯಾವ ಕಡೆಗಿರಬೇಕು, ಕರಡನ್ನು ಎಷ್ಟು ಸಲ ತಿದ್ದಬೇಕು ಎಂಬ ತೀರ್ಮಾನಗಳಿಗೆ ಕಾಸು ಖರ್ಚಾಗುವುದು ಕಡಿಮೆ, ಸಮಯ ಖರ್ಚಾಗುವುದು ಹೆಚ್ಚು. ನಾನು ಕಂಡ ಕೆಟ್ಟ ಪುಸ್ತಕಗಳಲ್ಲಿ ಹೆಚ್ಚಿನವು ಬಡತನದಿಂದ ಕೆಟ್ಟವಲ್ಲ, ಬಿಡುಗಡೆಯ ದಿನ ಮೊದಲೇ ಗೊತ್ತಾಗಿ ಆತುರದಿಂದ ಕೆಟ್ಟವು. ಮುಖಪುಟಕ್ಕೆ ಬಂಗಾರದ ಫಾಯಿಲ್ ಒತ್ತಿಸಿ, ಒಳಗೆ ಅಧ್ಯಾಯದ ಶೀರ್ಷಿಕೆಯಲ್ಲೇ ಕಾಗುಣಿತ ತಪ್ಪು ಬಿಟ್ಟ ಪುಸ್ತಕಗಳಿವೆ. ಮೇಲೆ ಥಳಕು, ಒಳಗೆ ಹುಳಕು.

ಅಗ್ಗದ ಪುಸ್ತಕವೂ ಅಚ್ಚುಕಟ್ಟಾಗಿರಬಹುದು ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. ಯಾನ್ ಚಿಹೋಲ್ಡ್ ಎಂಬ ವಿನ್ಯಾಸಕ 1947ರಿಂದ 1949ರವರೆಗೆ ಪೆಂಗ್ವಿನ್ ಪ್ರಕಾಶನದಲ್ಲಿದ್ದ. ಅದು ಕಡಿಮೆ ಬೆಲೆಗೆ, ಲಕ್ಷಗಟ್ಟಲೆ ಪ್ರತಿ ಮಾರುವ ಸಂಸ್ಥೆ. ಆತ ಅಲ್ಲಿ ಅಕ್ಷರ ಜೋಡಿಸುವವರಿಗಾಗಿ ನಾಲ್ಕು ಪುಟದ ನಿಯಮಾವಳಿಯೊಂದನ್ನು ಬರೆದ. ಪದಗಳ ನಡುವೆ ಎಷ್ಟು ಜಾಗ, ಅಲ್ಪವಿರಾಮ ಎಲ್ಲಿ, ಉದ್ಧರಣ ಚಿಹ್ನೆ ಹೇಗೆ ಎಂಬಂಥ ಸಣ್ಣ ಸಂಗತಿಗಳೇ ಅದರ ತುಂಬ. ಪುಸ್ತಕಗಳ ರೂಪ ತಿದ್ದಿದ್ದು ಆ ಸಣ್ಣ ಸಂಗತಿಗಳು.

ಅಳತೆ ಮತ್ತು ಡಮ್ಮಿ

ಮೊದಲ ಪ್ರಶ್ನೆ: ಇದನ್ನು ಓದುವವರು ಎಲ್ಲಿ, ಹೇಗೆ ಓದುತ್ತಾರೆ? ಕಾದಂಬರಿಯನ್ನು ಒಂದು ಕೈಯಲ್ಲಿ ಹಿಡಿದು, ಒರಗಿಕೊಂಡು ಓದುತ್ತಾರೆ. ನಿಘಂಟು ಮೇಜಿನ ಮೇಲಿರುತ್ತದೆ. ಮಕ್ಕಳ ಚಿತ್ರಪುಸ್ತಕವನ್ನು ಇಬ್ಬರು ಅಕ್ಕಪಕ್ಕ ಕೂತು ನೋಡುತ್ತಾರೆ. ಇದಕ್ಕೆ ಉತ್ತರ ಸಿಕ್ಕರೆ ಅಳತೆ ತಾನಾಗಿ ನಿರ್ಧಾರವಾಗುತ್ತದೆ.

ಕಥೆ, ಕಾದಂಬರಿ, ಪ್ರಬಂಧಗಳಿಗೆ ಡೆಮಿ 1/8, ಅಂದರೆ ಕತ್ತರಿಸಿದ ಮೇಲೆ ಸುಮಾರು 5.5 × 8.5 ಇಂಚು, ಒಪ್ಪುವ ಅಳತೆ. ಇದಕ್ಕೆ ಹತ್ತಿರದ್ದು ಎ5, 148 × 210 ಮಿಲಿಮೀಟರ್. ಕವಿತೆಗೆ ಇನ್ನೂ ಚಿಕ್ಕದಾದರೂ ಸರಿ. ಆದರೆ ಉದ್ದ ಸಾಲಿನ ಕವಿತೆಗಳನ್ನು ಚಿಕ್ಕ ಪುಟದಲ್ಲಿಟ್ಟರೆ ಸಾಲು ಮುರಿದು ಕೆಳಗೆ ಬೀಳುತ್ತದೆ, ಕವಿ ಎಲ್ಲಿ ಸಾಲು ಒಡೆದರು ಎಂಬುದೇ ತಿಳಿಯದೆ ಹೋಗುತ್ತದೆ. ಹಾಗಾಗಿ ಸಂಕಲನದ ಅತಿ ಉದ್ದದ ಸಾಲನ್ನು ಹುಡುಕಿ ಅದಕ್ಕೆ ತಕ್ಕ ಅಗಲ ಆರಿಸಿ.

ಅಂದ ಕಂಡದ್ದೆಂದು ಯಾವುದೋ ವಿಚಿತ್ರ ಅಳತೆ ಹಿಡಿಯುವ ಮುನ್ನ ಪ್ರೆಸ್ಸಿನವರನ್ನು ಕೇಳಿ. ಕಾಗದ ಬರುವುದು ಗೊತ್ತಾದ ಅಳತೆಯ ದೊಡ್ಡ ಹಾಳೆಗಳಲ್ಲಿ. 23 × 36 ಇಂಚಿನ ಹಾಳೆಯಿಂದ ಡೆಮಿ 1/8ರ 16 ಎಲೆ, ಎಂದರೆ 32 ಪುಟ, ಹೆಚ್ಚು ವ್ಯರ್ಥವಾಗದೆ ಸಿಗುತ್ತದೆ. ನಿಮ್ಮ ಪುಸ್ತಕ ಅದಕ್ಕಿಂತ ಅರ್ಧ ಇಂಚು ಅಗಲವಾದರೆ ಹಾಳೆಯ ದೊಡ್ಡ ಭಾಗವೇ ರದ್ದಿಯಾಗಬಹುದು.

ಪುಟಗಳ ಎಣಿಕೆಯೂ ಹೀಗೆಯೇ. ಮುದ್ರಣ ನಡೆಯುವುದು ಫಾರಂ ಲೆಕ್ಕದಲ್ಲಿ, ಸಾಮಾನ್ಯವಾಗಿ 16 ಪುಟಕ್ಕೆ ಒಂದು ಫಾರಂ. 192 ಪುಟ ಅಂದರೆ ಸರಿಯಾಗಿ 12 ಫಾರಂ. ನಿಮ್ಮ ಪುಸ್ತಕ 195 ಪುಟಕ್ಕೆ ನಿಂತರೆ ಮೂರು ಪುಟಕ್ಕೋಸ್ಕರ ಇನ್ನರ್ಧ ಫಾರಂ ಹೊರೆ. ಆ ಮೂರು ಪುಟವನ್ನು ಹೊಂದಿಸಿಕೊಳ್ಳುವುದೋ, 200ಕ್ಕೆ ಒಯ್ದು ಉಳಿದ ಪುಟಗಳನ್ನು ಉಸಿರಾಡಲು ಬಿಡುವುದೋ ಎಂದು ಮೊದಲೇ ಯೋಚಿಸಿ. ಕೊನೇ ಗಳಿಗೆಯಲ್ಲಿ ಅಕ್ಷರ ಕುಗ್ಗಿಸಿ ಪುಟ ಉಳಿಸುವುದು ಮಾತ್ರ ಬೇಡ. ಓದುವವರ ಕಣ್ಣಿಗೆ ಅದು ತಕ್ಷಣ ತಗಲುತ್ತದೆ.

ಅಳತೆ ಗೊತ್ತಾದ ಮೇಲೆ ಡಮ್ಮಿ ಮಾಡಿಸಿ. ಅದೇ ಕಾಗದ, ಅಷ್ಟೇ ಪುಟ, ಏನೂ ಅಚ್ಚಾಗದ ಖಾಲಿ ಪುಸ್ತಕ. ಹೆಚ್ಚಿನ ಪ್ರೆಸ್ಸಿನವರು ಕೇಳಿದರೆ ಮಾಡಿಕೊಡುತ್ತಾರೆ, ಆದರೆ ಕೇಳುವವರೇ ಕಡಿಮೆ. ಎರಡು ದಿನ ಅದನ್ನು ಚೀಲದಲ್ಲಿಟ್ಟುಕೊಂಡು ಓಡಾಡಿ. ಭಾರ, ದಪ್ಪ, ತೆರೆದುಕೊಳ್ಳುವ ಬಗೆ ಎಲ್ಲವೂ ಕೈಗೇ ಗೊತ್ತಾಗುತ್ತವೆ.

ಪಠ್ಯ ಗಟ್ಟಿಯಾಗದೆ ಪುಟ ಕಟ್ಟಬೇಡಿ

ಪುಟ ಕಟ್ಟಿದ ಮೇಲೆ ಲೇಖಕರು "ಇಲ್ಲೊಂದು ಪ್ಯಾರಾ ಸೇರಿಸೋಣ" ಎನ್ನುವುದು ಎಲ್ಲೆಡೆಯೂ ನಡೆಯುವ ಕಥೆ. ಆ ಒಂದು ಪ್ಯಾರಾ ಮುಂದಿನ ಪುಟಗಳನ್ನೆಲ್ಲ ತಳ್ಳುತ್ತದೆ. ಚಿತ್ರಗಳು ಜಾಗ ಬದಲಿಸುತ್ತವೆ, ಪರಿವಿಡಿಯ ಅಂಕಿ ಸುಳ್ಳಾಗುತ್ತದೆ. ಸಂಪಾದನೆ, ಮೊದಲ ಸುತ್ತಿನ ತಿದ್ದುಪಡಿ, ಲೇಖಕರ ಒಪ್ಪಿಗೆ ಮೂರೂ ಆದ ಮೇಲೆಯೇ ಫೈಲು ವಿನ್ಯಾಸಕರ ಕೈಗೆ ಹೋಗಲಿ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಹಳೆಯ ಹಸ್ತಪ್ರತಿಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿರುತ್ತವೆ, ಅವನ್ನು ಪರಿವರ್ತಿಸಿಕೊಂಡೇ ಮುಂದುವರಿಯಬೇಕು. ಪರಿವರ್ತಕಗಳು ಬಹುಮಟ್ಟಿಗೆ ಸರಿಯಾಗಿಯೇ ಕೆಲಸ ಮಾಡುತ್ತವೆ. ಕೆಡುವುದು ಅರ್ಕಾವೊತ್ತು, ಎರಡೆರಡು ಒತ್ತಿರುವ ಅಕ್ಷರ, ದೀರ್ಘದ ಗುರುತು, ಮಧ್ಯೆ ಬಂದ ಇಂಗ್ಲಿಷ್ ಪದ ಮತ್ತು ಅಂಕಿಗಳಲ್ಲಿ. "ಸಾಫ್ಟ್‌ವೇರ್" ಎಂಬ ಪದದಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತದೆ. ಅದು ಕಳೆದುಹೋದರೆ "ವೇ" ಹೋಗಿ ಹಿಂದಿನ ಅಕ್ಷರದ ಒತ್ತಾಗಿ ಅಂಟಿಕೊಳ್ಳುತ್ತದೆ. ಪರಿವರ್ತನೆಯಾದ ಪಠ್ಯವನ್ನು ಮೂಲದೊಂದಿಗೆ ಒಬ್ಬರು ಗಟ್ಟಿಯಾಗಿ ಓದುತ್ತ, ಇನ್ನೊಬ್ಬರು ನೋಡುತ್ತ ತಾಳೆ ಹಾಕುವುದೇ ಇಂದಿಗೂ ನಂಬಬಹುದಾದ ದಾರಿ.

ಒಳಪುಟ: ಕಣ್ಣು ಓಡುವ ದಾರಿ

ಮುಖಪುಟವನ್ನು ಓದುಗರು ಒಂದು ನಿಮಿಷ ನೋಡುತ್ತಾರೆ, ಒಳಪುಟವನ್ನು ಹತ್ತು ಗಂಟೆ. ನಮ್ಮ ಗಮನ ಹೋಗುವುದು ಮಾತ್ರ ತಿರುಗಾಮುರುಗಾ.

ಅಂಚಿನಿಂದ ಶುರು ಮಾಡಿ. ಒಳ ಅಂಚು, ಅಂದರೆ ಬೆನ್ನಿನ ಕಡೆಯದು, ಎಂದೂ ಜಿಪುಣತನ ತೋರುವ ಜಾಗವಲ್ಲ. ಅಂಟಿನ ಬೈಂಡಿಂಗ್‌ನಲ್ಲಿ ಬೆನ್ನನ್ನು ಎರಡು ಮೂರು ಮಿಲಿಮೀಟರ್ ತರಿದು ಒರಟು ಮಾಡಿ ಅಂಟು ಹಾಕುತ್ತಾರೆ. ಅಷ್ಟು ಅಂಚು ಅಲ್ಲಿಯೇ ಹೋಯಿತು. ಮೇಲಾಗಿ ಅಂಟಿಸಿದ ಪುಸ್ತಕ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಡೆಮಿ 1/8ಕ್ಕೆ ನಾನು ಹಿಡಿಯುವ ಲೆಕ್ಕ: ಒಳಗೆ 20, ಹೊರಗೆ 16, ಮೇಲೆ 18, ಕೆಳಗೆ 22 ಮಿಲಿಮೀಟರ್. ಪುಟ 300 ದಾಟಿದರೆ ಒಳ ಅಂಚಿಗೆ ಇನ್ನೂ ಎರಡು ಮೂರು ಸೇರಿಸುತ್ತೇನೆ. ಕೆಳ ಅಂಚು ಮೇಲಿನದಕ್ಕಿಂತ ದೊಡ್ಡದಿರಲಿ. ಎರಡೂ ಸಮ ಇಟ್ಟರೆ ಪಠ್ಯ ಕೆಳಗೆ ಜಾರಿದಂತೆ ಕಾಣುತ್ತದೆ. ಹೆಬ್ಬೆರಳು ಇಡಲು ಜಾಗವೂ ಬೇಕಲ್ಲ.

ಈ ಅಂಚು ಬಿಟ್ಟರೆ ಸಾಲಿನ ಉದ್ದ ಸುಮಾರು 104 ಮಿಲಿಮೀಟರ್ ಸಿಗುತ್ತದೆ. ಕನ್ನಡದಲ್ಲಿ ಸಾಲಿಗೆ ಏಳರಿಂದ ಹತ್ತು ಪದ ಹಿತ. ಅದಕ್ಕಿಂತ ಉದ್ದವಾದರೆ ಕಣ್ಣು ಮುಂದಿನ ಸಾಲಿನ ತಲೆಯನ್ನು ತಪ್ಪಿಸಿಕೊಳ್ಳುತ್ತದೆ. ಓದಿದ ಸಾಲನ್ನೇ ಮತ್ತೆ ಓದುವುದು ಎಲ್ಲರಿಗೂ ಆಗುವ ಅನುಭವ, ಅದು ಓದುವವರ ತಪ್ಪಲ್ಲ.

ಸಾಲಿನ ಅಂತರದ ವಿಷಯದಲ್ಲಿ ಕನ್ನಡಕ್ಕೆ ಅದರದ್ದೇ ಬೇಡಿಕೆ ಇದೆ. ರೋಮನ್ ಲಿಪಿಗಾಗಿ ಬರೆದ ಸೂತ್ರಗಳು ಇಲ್ಲಿ ನಡೆಯವು. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ, ಒತ್ತಿನ ಕೆಳಗೆ ಕೆಲವೊಮ್ಮೆ ಇನ್ನೊಂದು ಒತ್ತು. "ರಾಷ್ಟ್ರ", "ಸ್ತ್ರೀ", "ಶಾಸ್ತ್ರ" ಬಂದ ಸಾಲಿನ ಕೆಳಗೆ ಗುಡಿಸಿರುವ ಅಕ್ಷರ ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಹೆಚ್ಚಿನ ಫಾಂಟ್‌ಗಳಲ್ಲಿ ಅಕ್ಷರ 11ರಿಂದ 13 ಪಾಯಿಂಟ್, ಸಾಲಿನ ಅಂತರ ಅದರ ಸುಮಾರು ಒಂದೂವರೆ ಪಟ್ಟು ಎಂದು ಆರಂಭಿಸಿ. 12 ಪಾಯಿಂಟ್ ಅಕ್ಷರಕ್ಕೆ 17 ಪಾಯಿಂಟ್ ಅಂತರ ಇಟ್ಟರೆ ಮೇಲಿನ ಅಂಚಿನ ಲೆಕ್ಕದಲ್ಲಿ ಪುಟಕ್ಕೆ 29 ಸಾಲು ಕೂರುತ್ತವೆ. ಒಂದು ಫಾಂಟಿನ 12 ಇನ್ನೊಂದರ 14ರಷ್ಟು ಕಾಣಬಹುದು, ಆದ್ದರಿಂದ ಅಂಕಿ ನಂಬಬೇಡಿ. ಒಂದೇ ಪುಟವನ್ನು ಮೂರು ಬಗೆಯಲ್ಲಿ ಕಟ್ಟಿ, ನಿಜವಾದ ಅಳತೆಯಲ್ಲಿ ಅಚ್ಚು ತೆಗೆದು, ಅರವತ್ತು ದಾಟಿದವರೊಬ್ಬರ ಕೈಗೆ ಕೊಡಿ.

ಫಾಂಟ್ ಆರಿಸುವಾಗ ಅಂದಕ್ಕಿಂತ ಮೊದಲು ನೋಡಬೇಕಾದ್ದು ಅದು ಪೂರ್ಣವೇ ಎಂಬುದನ್ನು. ಹೀಗೊಂದು ಪರೀಕ್ಷಾ ಸಾಲು ಬರೆದಿಟ್ಟುಕೊಳ್ಳಿ: ಸ್ವಾತಂತ್ರ್ಯ, ಕರ್ತೃ, ಜ್ಞಾನ, ವೈಶಿಷ್ಟ್ಯ, ಋಷಿ, ದುಃಖ, ಫ್ರಾನ್ಸ್, ಝಳ, ಸೂರ್ಯ. ಇವೆಲ್ಲ ಸರಿಯಾಗಿ ಮೂಡಿದರೆ ಅರ್ಧ ಗೆದ್ದಂತೆ. ದಪ್ಪ ಅಕ್ಷರದ ಆವೃತ್ತಿ ನಿಜವಾಗಿ ಇದೆಯೇ ಎಂದೂ ನೋಡಿ. ಇಲ್ಲದಿದ್ದರೆ ತಂತ್ರಾಂಶ ಅಕ್ಷರದ ಸುತ್ತ ಗೆರೆ ಎಳೆದು ದಪ್ಪ ಮಾಡುತ್ತದೆ, ಒಳಗಿನ ಸೊನ್ನೆಗಳೆಲ್ಲ ಮುಚ್ಚಿಹೋಗುತ್ತವೆ. ಕನ್ನಡ ಅಕ್ಷರಗಳನ್ನು ಓರೆ ಮಾಡುವುದಂತೂ ಬೇಡವೇ ಬೇಡ. ಇಟಾಲಿಕ್ ಎಂಬುದು ರೋಮನ್ ಲಿಪಿಯ ಸಂಪ್ರದಾಯ. ಉರುಟು ಅಕ್ಷರವನ್ನು ವಾಲಿಸಿದರೆ ಬೀಳುವ ಹಾಗೆ ಕಾಣುತ್ತದೆ. ಒತ್ತು ಕೊಡಬೇಕಾದಲ್ಲಿ ಉದ್ಧರಣ ಚಿಹ್ನೆ ಅಥವಾ ದಪ್ಪ ಅಕ್ಷರ ಸಾಕು.

ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು: ಪ್ಯಾರಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಚದುರುತ್ತವೆ. ಫಾಂಟ್ ಕೆಟ್ಟಿದೆಯೆಂದು ದಿನವಿಡೀ ಬದಲಿಸುತ್ತ ಕೂತವರನ್ನು ಕಂಡಿದ್ದೇನೆ. ಅಂಥದ್ದೇ ಇನ್ನೊಂದು ತಂತ್ರಾಂಶ ಸ್ಕ್ರೈಬಸ್ ಬಳಸುವವರು 1.5.3 ಅಥವಾ ಆಮೇಲಿನ ಆವೃತ್ತಿಯನ್ನು ಇಟ್ಟುಕೊಳ್ಳಿ, ಹಿಂದಿನವಕ್ಕೆ ಭಾರತೀಯ ಲಿಪಿಗಳು ಸರಿಯಾಗಿ ಒಗ್ಗುತ್ತಿರಲಿಲ್ಲ.

ಎರಡೂ ಬದಿ ಸಮ ಮಾಡಿ ಸಾಲು ಕಟ್ಟುವಾಗ ಕನ್ನಡದ ಉದ್ದ ಸಮಾಸಪದಗಳು ಕಾಟ ಕೊಡುತ್ತವೆ. "ಸ್ವಾತಂತ್ರ್ಯೋತ್ತರಕಾಲದ" ಎಂಬ ಪದ ಸಾಲಿನ ತುದಿಯಲ್ಲಿ ಹಿಡಿಸದೆ ಕೆಳಗಿಳಿದರೆ, ಮೇಲೆ ಉಳಿದ ನಾಲ್ಕು ಪದಗಳು ಒಂದಕ್ಕೊಂದು ಮಾರು ದೂರ ನಿಲ್ಲುತ್ತವೆ. ಅಂಥ ಕಡೆ ಪದವನ್ನು ಅರ್ಥ ಕೂಡುವ ಜಾಗದಲ್ಲಿ ಅಡ್ಡಗೆರೆ ಹಾಕಿ ಒಡೆಯಿರಿ. ಅಕ್ಷರಗಳ ನಡುವೆ ಜಾಗ ಹಿಗ್ಗಿಸುವುದು ಇನ್ನೂ ಕೆಟ್ಟದ್ದು. ಪ್ಯಾರಾದ ಕಡೆಯ ಒಂಟಿ ಸಾಲು ಮುಂದಿನ ಪುಟದ ತಲೆಯಲ್ಲಿ ಕೂರದಂತೆ, ಉಪಶೀರ್ಷಿಕೆ ಪುಟದ ಬುಡದಲ್ಲಿ ಒಂಟಿಯಾಗಿ ನಿಲ್ಲದಂತೆ ನೋಡಿ. ಎದುರುಬದುರು ಪುಟಗಳ ಸಾಲುಗಳು ಒಂದೇ ಮಟ್ಟದಲ್ಲಿರಲಿ. ಹಾಳೆಯನ್ನು ಬೆಳಕಿಗೆ ಹಿಡಿದರೆ ಮುಂಬದಿಯ ಸಾಲಿನ ಹಿಂದೆಯೇ ಹಿಂಬದಿಯ ಸಾಲು ಅಡಗಿರಬೇಕು. ತೆಳು ಕಾಗದದಲ್ಲೂ ಪುಟ ಶುಭ್ರವಾಗಿ ಕಾಣುವ ಗುಟ್ಟು ಇದು, ಬಿಡಿಗಾಸಿನ ಖರ್ಚಿಲ್ಲ.

ಆರಂಭದ ಪುಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಸ ಸಂಖ್ಯೆ ಯಾವಾಗಲೂ ಬಲಪುಟದಲ್ಲಿ. ಒಳಮುಖಪುಟ ಬಲಕ್ಕೆ, ಅದರ ಹಿಂಬದಿಗೆ ಹಕ್ಕು, ಮುದ್ರಣದ ವರ್ಷ, ಆವೃತ್ತಿ, ಕಾಗದ, ಫಾಂಟ್ ಮುಂತಾದ ವಿವರ. ಖಾಲಿ ಪುಟಕ್ಕೆ ಸಂಖ್ಯೆ ಬೇಡ. ಪುಸ್ತಕವನ್ನು ಗುರುತಿಸುವ ಸಂಖ್ಯೆಯಾದ ಐಎಸ್‌ಬಿಎನ್ 2007ರಿಂದ 13 ಅಂಕಿಯದು. ಗಟ್ಟಿ ರಟ್ಟಿನ ಪ್ರತಿಗೆ, ಸಾದಾ ಪ್ರತಿಗೆ, ಇ-ಪುಸ್ತಕಕ್ಕೆ ಬೇರೆಬೇರೆ ಸಂಖ್ಯೆ ಬೇಕು. ಬದಲಾವಣೆಯಿಲ್ಲದ ಮರುಮುದ್ರಣಕ್ಕೆ ಹಳೆಯದೇ ಸಾಕು. ಮತ್ತೆ ಮುನ್ನುಡಿ, ಹಾರೈಕೆ, ಆಶಯ ನುಡಿ, ಅರಿಕೆ, ನೆನಕೆ ಎಂದು ಮೂವತ್ತು ಪುಟ ದಾಟದೆ ಪುಸ್ತಕವೇ ಶುರುವಾಗದಿದ್ದರೆ ಅದೂ ವಿನ್ಯಾಸದ ದೋಷವೇ.

ಕಾಗದ

ಕಾಗದದ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವ ಪದ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಎಂಬುದು. ಅದು ತೂಕ ಹೇಳುತ್ತದೆ, ದಪ್ಪ ಹೇಳುವುದಿಲ್ಲ. 70 ಜಿಎಸ್‌ಎಂನ ಉಬ್ಬಿದ ಕಾಗದ 80ರ ನುಣುಪು ಕಾಗದಕ್ಕಿಂತ ದಪ್ಪವಿರಬಹುದು. ಹಿಂಬದಿ ಕಾಣದಂತೆ ತಡೆಯುವ ಗುಣ ಮೂರನೆಯದು, ಓದುವವರಿಗೆ ಮುಖ್ಯವಾದದ್ದು ಅದೇ. ಕಪ್ಪು ಗೆರೆ ಎಳೆದ ಹಾಳೆಯ ಮೇಲೆ ಮಾದರಿ ಕಾಗದವಿಟ್ಟು ನೋಡಿ, ಒಂದು ಕ್ಷಣದಲ್ಲಿ ತಿಳಿಯುತ್ತದೆ.

ಬರೀ ಪಠ್ಯದ ಪುಸ್ತಕಕ್ಕೆ 70 ಅಥವಾ 80 ಜಿಎಸ್‌ಎಂ ಮ್ಯಾಪ್‌ಲಿಥೋ, ಅಂದರೆ ಮೇಲೆ ಲೇಪನವಿಲ್ಲದ ಸಾದಾ ಅಚ್ಚುಕಾಗದ, ಸಾಕು. ಬಣ್ಣ ತುಸು ಕೆನೆ ಇದ್ದರೆ ಕಣ್ಣಿಗೆ ಹಿತ. ಕಣ್ಣು ಕೋರೈಸುವ ಬಿಳುಪಿನ ಮೇಲೆ ಕಪ್ಪಕ್ಷರ ಓದಿದರೆ ಬೇಗ ದಣಿವು. ಬಣ್ಣದ ಛಾಯಾಚಿತ್ರಗಳಿದ್ದರೆ ನುಣುಪು ಲೇಪನದ ಆರ್ಟ್ ಪೇಪರ್. ಆದರೆ ಆರ್ಟ್ ಪೇಪರಿನ ಹೊಳಪು ದೀಪದ ಕೆಳಗೆ ಓದುವವರಿಗೆ ಶಿಕ್ಷೆ, ಹಾಗಾಗಿ ಉದ್ದನೆಯ ಪಠ್ಯವೂ ಇದ್ದರೆ ಹೊಳಪಿಲ್ಲದ ಮ್ಯಾಟ್ ಬಗೆ ಕೇಳಿ.

ನಾರಿನ ದಿಕ್ಕಿನ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ಕಾಗದ ತಯಾರಾಗುವಾಗ ನಾರುಗಳು ಯಂತ್ರ ಓಡುವ ದಿಕ್ಕಿನಲ್ಲಿ ಮಲಗುತ್ತವೆ. ತೇವ ಹೀರಿದಾಗ ನಾರು ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಹಿಗ್ಗುತ್ತದೆ. ನಾರು ಬೆನ್ನಿಗೆ ಸಮಾಂತರವಾಗಿದ್ದರೆ ಹಾಳೆ ಮೆತ್ತಗೆ ಬಾಗುತ್ತದೆ, ಪುಸ್ತಕ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಅಡ್ಡವಾಗಿದ್ದರೆ ಹಾಳೆ ಸೆಟೆದುಕೊಳ್ಳುತ್ತದೆ, ಬೆನ್ನಿನ ಬಳಿ ಅಲೆ ಅಲೆಯಾಗಿ ಏಳುತ್ತದೆ. ಮೊದಲ ಪ್ಯಾರಾದಲ್ಲಿ ಪಟ್ಟನೆ ಮುಚ್ಚಿಕೊಂಡ ಪುಸ್ತಕದ ರಹಸ್ಯ ಬಹುತೇಕ ಇದೇ. ಪರೀಕ್ಷೆ ಸುಲಭ: ಕಾಗದವನ್ನು ಎರಡು ದಿಕ್ಕಿಗೂ ಹರಿಯಿರಿ. ನೇರವಾಗಿ ಹರಿದದ್ದು ನಾರಿನ ದಿಕ್ಕು, ಅಂಕುಡೊಂಕಾಗಿ ಹರಿದದ್ದು ಅಡ್ಡ. ಆರ್ಡರ್ ಕೊಡುವಾಗಲೇ "ನಾರು ಬೆನ್ನಿನುದ್ದಕ್ಕೆ ಬರಬೇಕು" ಎಂದು ಬರೆದುಕೊಡಿ.

ಬಹುಕಾಲ ಉಳಿಯಬೇಕಾದ ಪುಸ್ತಕವಾದರೆ ಆಮ್ಲವಿಲ್ಲದ ಕಾಗದ ಕೇಳಿ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಮರದ ತಿರುಳು, ಪಟಿಕ ಸೇರಿಸಿ ಮಾಡಿದ ಕಾಗದದ ಪುಸ್ತಕಗಳು ಇಂದು ಮುಟ್ಟಿದರೆ ಪುಡಿಯಾಗುತ್ತವೆ. ಅವಕ್ಕಿಂತ ಹಳೆಯ ಬಟ್ಟೆನಾರಿನ ಕಾಗದ ಇನ್ನೂ ಗಟ್ಟಿಯಾಗಿದೆ. ಶಾಶ್ವತ ಕಾಗದಕ್ಕೆ ಐಎಸ್‌ಒ 9706 ಎಂಬ ಮಾನದಂಡವಿದೆ. ಸಂಶೋಧನೆ, ನಿಘಂಟು, ಸಮಗ್ರ ಸಂಪುಟಗಳಿಗೆ ಇದು ದೊಡ್ಡಸ್ತಿಕೆಯಲ್ಲ, ಅಗತ್ಯ.

ಚಿತ್ರಗಳು

ಅಚ್ಚಾಗುವ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್ ಇರಬೇಕು. 800 ಪಿಕ್ಸೆಲ್ ಅಗಲದ ಚಿತ್ರ ಎರಡೂಮುಕ್ಕಾಲು ಇಂಚು ಕೂಡ ದಾಟುವುದಿಲ್ಲ. ಪರದೆಯ ಮೇಲೆ ಅದು ಎಷ್ಟು ಚೆಂದ ಕಂಡರೂ ಲೆಕ್ಕ ಲೆಕ್ಕವೇ. ಲೇಖಕರಿಗೆ ಹೇಳಬೇಕಾದ ಮಾತು: ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಮ್ಯಾಪ್‌ಲಿಥೋ ಮೇಲೆ ಶಾಯಿ ಹರಡಿ ಕಪ್ಪುಬಿಳುಪು ಚಿತ್ರ ಮಂಕಾಗುತ್ತದೆ, ಆದ್ದರಿಂದ ಮುಖದ ಭಾಗಗಳನ್ನು ತುಸು ತಿಳಿ ಮಾಡಿಕೊಂಡೇ ಕಳಿಸಬೇಕು.

ಮುಖಪುಟ ಮತ್ತು ಬೆನ್ನು

ಈಗ ಪುಸ್ತಕವನ್ನು ಹೆಚ್ಚಿನವರು ಮೊದಲು ಕಾಣುವುದು ಫೋನಿನ ಪರದೆಯಲ್ಲಿ, ಅಂಚೆಚೀಟಿಯಷ್ಟು ಗಾತ್ರದಲ್ಲಿ. ಮುಖಪುಟವನ್ನು ಎರಡು ಸೆಂಟಿಮೀಟರಿಗೆ ಕುಗ್ಗಿಸಿ ನೋಡಿ. ಹೆಸರು ಓದಲು ಬಂದರೆ ಸರಿ. ಆಮೇಲೆ ಬಣ್ಣ ತೆಗೆದು ಕಪ್ಪುಬಿಳುಪಿನಲ್ಲಿ ನೋಡಿ, ಅಕ್ಷರ ಹಿನ್ನೆಲೆಯೊಳಗೆ ಕರಗಿದರೆ ತಿದ್ದಿ. ಲೇಖಕರ ಭಾವಚಿತ್ರ, ಪ್ರಶಸ್ತಿಯ ಮುದ್ರೆ, ಮುನ್ನುಡಿಕಾರರ ಹೆಸರು, ಮಾಲಿಕೆಯ ಸಂಖ್ಯೆ, ಲಾಂಛನ ಎಲ್ಲವನ್ನೂ ಮುಂಬದಿಗೇ ತುರುಕುವ ಒತ್ತಡ ಬರುತ್ತದೆ. ವಿನ್ಯಾಸಕರ ಪರವಾಗಿ ಇಲ್ಲ ಎನ್ನುವ ಧೈರ್ಯ ಪ್ರಕಾಶಕರಿಗೆ ಬೇಕು.

ಬೆನ್ನಿನ ಅಗಲದ ಲೆಕ್ಕ ಕಲಿಯಲೇಬೇಕು. ಪುಟಗಳನ್ನು ಎರಡರಿಂದ ಭಾಗಿಸಿದರೆ ಎಲೆಗಳು, ಅದನ್ನು ಒಂದು ಎಲೆಯ ದಪ್ಪದಿಂದ ಗುಣಿಸಿ, ಮುಖಪುಟದ ಕಾರ್ಡಿಗೆ ಅರ್ಧ ಮಿಲಿಮೀಟರ್ ಸೇರಿಸಿ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. 240 ಪುಟದ ಪುಸ್ತಕಕ್ಕೆ ಎಲೆಗೆ 0.13 ಮಿಲಿಮೀಟರಿನ ಉಬ್ಬು ಕಾಗದವೆಂದು 16 ಮಿಲಿಮೀಟರ್ ಬೆನ್ನು ಮಾಡಿ, ಗಾಢ ಕೆಂಪು ಪಟ್ಟಿ ಎಳೆದಿದ್ದೆ. ಆ ಕಾಗದ ಸಿಗಲಿಲ್ಲವೆಂದು ಪ್ರೆಸ್ಸಿನವರು ಅದೇ ತೂಕದ ಬೇರೆ ಕಾಗದ ಹಾಕಿದರು. ಜಿಎಸ್‌ಎಂ ಅದೇ ಅಲ್ಲವೇ ಎಂದು ನಾನೂ ತಲೆಯಾಡಿಸಿದೆ. ಅದರ ಎಲೆ 0.095. ಬೆನ್ನು 12ಕ್ಕಿಳಿಯಿತು, ಉಳಿದ ನಾಲ್ಕು ಮಿಲಿಮೀಟರ್ ಕೆಂಪು ಪಟ್ಟಿ ಮುಖಪುಟದ ಮೇಲೆ ಹತ್ತಿ ಕೂತಿತು. ಮುಖಪುಟಗಳೆಲ್ಲ ಆಗಲೇ ಅಚ್ಚಾಗಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಂದಿನಿಂದ ಎರಡು ಕಟ್ಟುಪಾಡು: ಕಾಗದ ಕೈಗೆ ಬಂದು ಅಳೆಯುವವರೆಗೆ ಮುಖಪುಟದ ಫೈಲ್ ಕೊಡುವುದಿಲ್ಲ, ಬೆನ್ನಿಗೂ ಮುಂಬದಿಗೂ ನಡುವೆ ಬಣ್ಣದ ಗಡಿ ಎಳೆಯುವುದಿಲ್ಲ.

ಬೆನ್ನಿನ ಬರಹ ಮೇಲಿನಿಂದ ಕೆಳಕ್ಕೆ ಸಾಗಲಿ, ಆಗ ಪುಸ್ತಕವನ್ನು ಮುಖ ಮೇಲಾಗಿ ಇಟ್ಟಾಗಲೂ ಹೆಸರು ನೇರವಾಗಿ ಓದಲು ಸಿಗುತ್ತದೆ. ಬಾರ್‌ಕೋಡಿನ ಪೂರ್ಣ ಅಳತೆ ಸುಮಾರು 37 × 26 ಮಿಲಿಮೀಟರ್, 80 ಪ್ರತಿಶತಕ್ಕಿಂತ ಕೆಳಗೆ ಇಳಿಸಬೇಡಿ. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಗೆರೆಯೇ ಇರಲಿ. ಹೊಂದಾಣಿಕೆಯಾಗಲೆಂದು ಕೆಂಪು ಗೆರೆ ಹಾಕಿದರೆ, ಸ್ಕ್ಯಾನರಿನ ಬೆಳಕೂ ಕೆಂಪೇ ಆಗಿರುವುದರಿಂದ ಅದಕ್ಕೆ ಗೆರೆಯೇ ಕಾಣದು.

ಮುಖಪುಟಕ್ಕೆ 250ರಿಂದ 300 ಜಿಎಸ್‌ಎಂ ಕಾರ್ಡ್, ಮೇಲೆ ಲ್ಯಾಮಿನೇಷನ್. ಮ್ಯಾಟ್ ನೋಡಲು ಗಂಭೀರ, ಆದರೆ ಗಾಢ ಬಣ್ಣದ ಮೇಲೆ ಬೆರಳಚ್ಚು, ಗೀರು ಎದ್ದು ಕಾಣುತ್ತವೆ. ಒಂದು ಬದಿಗೆ ಮಾತ್ರ ಪ್ಲಾಸ್ಟಿಕ್ ಹೊದಿಸಿದಾಗ ಇನ್ನೊಂದು ಬದಿ ತೇವ ಹೀರಿ ಹಿಗ್ಗುತ್ತದೆ, ಮುಖಪುಟ ಸುರುಳಿಯಾಗುವುದು ಅದಕ್ಕೇ. ಕಾರ್ಡಿನ ನಾರೂ ಬೆನ್ನಿಗೆ ಸಮಾಂತರವಾಗಿದ್ದರೆ ಈ ಕಾಟ ಕಡಿಮೆ.

ಬೈಂಡಿಂಗ್

48–64 ಪುಟದೊಳಗಿನ ಕಿರುಪುಸ್ತಕಕ್ಕೆ ನಡು ಪಿನ್ನು ಸಾಕು. ಅದಕ್ಕಿಂತ ದಪ್ಪವಾದರೆ ಅಂಟಿನದೋ ಹೊಲಿಗೆಯದೋ ಎಂಬ ಪ್ರಶ್ನೆ. ಬರೀ ಅಂಟಿನ ಪರ್ಫೆಕ್ಟ್ ಬೈಂಡಿಂಗ್ ಅಗ್ಗ, ವೇಗ. ಸಾಮಾನ್ಯ ಬಿಸಿ ಅಂಟು ವರ್ಷ ಕಳೆದಂತೆ ಬಿರುಸಾಗಿ ಬಿರುಕು ಬಿಡುತ್ತದೆ, ಎಲೆಗಳು ಒಂದೊಂದಾಗಿ ಕಳಚುತ್ತವೆ. ಪಿಯುಆರ್ ಎಂಬ ಅಂಟು ಹೆಚ್ಚು ಗಟ್ಟಿ, ಬಾಗುವ ಗುಣವೂ ಉಂಟು, ಆದರೆ ಪೂರ್ತಿ ಹಿಡಿಯಲು ಸುಮಾರು ಒಂದು ದಿನ ಬಿಡಬೇಕು. ಸಂಜೆ ಬೈಂಡ್ ಮಾಡಿ ಬೆಳಿಗ್ಗೆ ಸಮಾರಂಭಕ್ಕೆ ಒಯ್ಯುವ ಆತುರವಿದ್ದರೆ ಅದರ ಸಹವಾಸ ಬೇಡ.

ಮತ್ತೆ ಮತ್ತೆ ತೆರೆಯುವ ಪುಸ್ತಕಕ್ಕೆ, ಗ್ರಂಥಾಲಯಕ್ಕೆ ಹೋಗುವುದಕ್ಕೆ, 300 ಪುಟ ದಾಟಿದ್ದಕ್ಕೆ ಫಾರಂ ಮಡಚಿ ದಾರದಿಂದ ಹೊಲಿಸಿ. ಫಾಯಿಲ್, ಸ್ಪಾಟ್ ಯುವಿ (ಕೆಲವೇ ಭಾಗಕ್ಕೆ ಹೊಳಪಿನ ಲೇಪ), ಉಬ್ಬು ಅಚ್ಚು ಇವುಗಳಿಗೆಂದು ಎತ್ತಿಟ್ಟ ಹಣ ಹೊಲಿಗೆಗೆ ಹೋಗಲಿ ಎಂಬುದು ನನ್ನ ಹಟ. ಗಟ್ಟಿ ರಟ್ಟಿನ ಪುಸ್ತಕವಾದರೆ ಹೊಲಿಗೆ ಇಲ್ಲದೆ ಅರ್ಥವೇ ಇಲ್ಲ. ಹೊರಗೆ ರಟ್ಟು, ಒಳಗೆ ಬರೀ ಅಂಟು ಎನ್ನುವುದು ವೇಷವಷ್ಟೇ. ರಟ್ಟಿನ ಪುಸ್ತಕಗಳನ್ನು ಬೈಂಡಾದ ಮೇಲೆ ಭಾರದಡಿ ಒಣಗಲು ಬಿಡದಿದ್ದರೆ ರಟ್ಟು ಬಾಗಿ ಮೇಲೇಳುತ್ತದೆ.

ಫೈಲ್, ಪ್ರೂಫ್, ಪ್ರೆಸ್

ಅಚ್ಚಿಗೆ ಪಿಡಿಎಫ್ ಕೊಡಿ, ತೆರೆದ ಫೈಲ್ (ಪುಟ ಕಟ್ಟಿದ ತಂತ್ರಾಂಶದ ಮೂಲ ಫೈಲ್) ಬೇಡ. ಇನ್ನೊಂದು ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೆ ಇಡೀ ಪುಸ್ತಕ ಕಲಸುಮೇಲೋಗರ. ಫಾಂಟ್‌ಗಳು ಒಳಗೇ ಅಡಕವಾಗಿರಬೇಕು. ಬಣ್ಣ ಪರದೆಗಾಗಿ ಇರುವ ಆರ್‌ಜಿಬಿಯಲ್ಲಿರದೆ (ಕೆಂಪು, ಹಸಿರು, ನೀಲಿ ಬೆಳಕು), ಅಚ್ಚಿನ ನಾಲ್ಕು ಶಾಯಿಗಳ ಸಿಎಂವೈಕೆಗೆ ಬದಲಾಗಿರಬೇಕು. ಅಂಚಿನವರೆಗೆ ಹರಡಿದ ಚಿತ್ರಕ್ಕೆ ಕತ್ತರಿಸುವ ಗೆರೆಯಾಚೆ 3 ಮಿಲಿಮೀಟರ್ ಹೆಚ್ಚು ಬಿಡಬೇಕು. ಪಠ್ಯದ ಕಪ್ಪು ಕೇವಲ ಕಪ್ಪು ಶಾಯಿಯದಾಗಿರಬೇಕು. ಆರ್‌ಜಿಬಿ ಕಪ್ಪನ್ನು ಹಾಗೇ ಪರಿವರ್ತಿಸಿದರೆ ನಾಲ್ಕೂ ಬಣ್ಣ ಬೆರೆತ ಕಪ್ಪಾಗಿ, ಅಚ್ಚು ಕೂದಲೆಳೆಯಷ್ಟು ಸರಿದರೂ ಪ್ರತಿ ಅಕ್ಷರದ ಸುತ್ತ ಬಣ್ಣದ ನೆರಳು ಕಾಣುತ್ತದೆ.

ಪ್ರೂಫ್ ಅನ್ನು ಪರದೆಯ ಮೇಲೆ ಓದಿ ಮುಗಿಸಬೇಡಿ. ಕಾಗದದ ಮೇಲೆ ತೆಗೆದು ಕನಿಷ್ಠ ಇಬ್ಬರು ಓದಲಿ, ಅವರಲ್ಲೊಬ್ಬರು ಈ ಪುಸ್ತಕವನ್ನು ಹಿಂದೆ ನೋಡಿರದವರಾಗಿರಲಿ. ಲ, ಳ ಅದಲುಬದಲು, ಶ, ಷ ಗೊಂದಲ, ಅಲ್ಪಪ್ರಾಣ ಮಹಾಪ್ರಾಣ ಇವು ಎಲ್ಲರೂ ಹುಡುಕುವ ತಪ್ಪುಗಳು. ನುಸುಳಿಹೋಗುವ ತಪ್ಪುಗಳು ದೊಡ್ಡ ಅಕ್ಷರದಲ್ಲೇ ಇರುತ್ತವೆ: ಅಧ್ಯಾಯದ ಹೆಸರು, ಬೆನ್ನಿನ ಬರಹ, ಲೇಖಕರ ಹೆಸರಿನ ಕಾಗುಣಿತ. ಓದುವಾಗ ಕಣ್ಣು ಅವುಗಳ ಮೇಲಿಂದ ಜಾರಿಬಿಡುತ್ತದೆ. ಅವನ್ನಷ್ಟೇ ಬೇರೆಯಾಗಿ ಪಟ್ಟಿ ಮಾಡಿ, ಪರಿವಿಡಿಯ ಪುಟಸಂಖ್ಯೆಗಳೊಂದಿಗೆ ಒಂದೊಂದಾಗಿ ಬೆರಳಿಟ್ಟು ನೋಡಿ. ತಿದ್ದಿದ ಮೇಲೆ ತಿದ್ದಿದ ಜಾಗವನ್ನು ಮಾತ್ರವಲ್ಲ, ಆ ಇಡೀ ಪುಟವನ್ನು ಮತ್ತೆ ಓದಬೇಕು. ಒಂದು ತಪ್ಪು ತೆಗೆಯುವಾಗ ಇನ್ನೊಂದು ಹುಟ್ಟುವುದು ಅಲ್ಲೇ.

ಕೆಲವೇ ನೂರು ಪ್ರತಿಗಳಾದರೆ ಡಿಜಿಟಲ್ ಮುದ್ರಣ, ಅದಕ್ಕೂ ಹೆಚ್ಚಾದರೆ ಲೋಹದ ಪ್ಲೇಟ್ ಮಾಡಿ ಅಚ್ಚೊತ್ತುವ ಆಫ್‌ಸೆಟ್. ಆಫ್‌ಸೆಟ್‌ನಲ್ಲಿ ಪ್ಲೇಟ್ ಮತ್ತು ಹೊಂದಾಣಿಕೆಯ ಖರ್ಚು ಪ್ರತಿಗಳ ಮೇಲೆ ಹಂಚಿಹೋಗುವುದರಿಂದ ಸಂಖ್ಯೆ ಏರಿದಂತೆ ಲಾಭ. ಸಾಧ್ಯವಿದ್ದರೆ ಮೊದಲ ಫಾರಂ ಅಚ್ಚಾಗುವಾಗ ಪ್ರೆಸ್ಸಿನಲ್ಲಿರಿ. ಒಂದು ಹಾಳೆ ಮಡಚಿ ಪುಟಸಂಖ್ಯೆ ಸಾಲಾಗಿ ಬರುತ್ತವೆಯೇ ನೋಡಿ. ಶಾಯಿ ಹಾಳೆಯ ಎರಡು ತುದಿಯಲ್ಲೂ ಒಂದೇ ಸಮನಿದೆಯೇ ಗಮನಿಸಿ. ಒಪ್ಪಿದ ಹಾಳೆಗೆ ಸಹಿ ಹಾಕಿ ಅಲ್ಲೇ ಬಿಡಿ, ಮುಂದಿನ ಫಾರಂಗಳನ್ನು ಅದಕ್ಕೆ ಹೋಲಿಸುತ್ತಾರೆ. ಇಲ್ಲವಾದರೆ ಒಂದು ಫಾರಂ ಕಡುಗಪ್ಪು, ಮುಂದಿನದು ಬೂದಿ ಬಣ್ಣ ಆಗಿ, 16 ಪುಟಕ್ಕೊಮ್ಮೆ ಓದುಗರಿಗೆ ಬೆಳಕು ಬದಲಾದಂತೆ ಅನ್ನಿಸುತ್ತದೆ.

ಪ್ರತಿಗಳು ಬಂದ ದಿನ

ಮೇಲಿನ ಕಟ್ಟಿನ ಒಂದು ಪ್ರತಿ ನೋಡಿ ಖುಷಿಪಟ್ಟು ಬಿಲ್ಲು ಚುಕ್ತಾ ಮಾಡಬೇಡಿ. ಬೇರೆಬೇರೆ ಕಟ್ಟುಗಳಿಂದ ಹತ್ತು ಪ್ರತಿ ಎಳೆಯಿರಿ. ಮೊದಲಿನಿಂದ ಕೊನೆಯವರೆಗೆ ಪುಟ ಮಗುಚಿ ಫಾರಂ ಬಿಟ್ಟುಹೋಗಿಲ್ಲ, ಎರಡು ಸಲ ಬಂದಿಲ್ಲ, ತಲೆಕೆಳಗಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಒಂದು ಪ್ರತಿಯನ್ನು ನಡುವೆ ಪೂರ್ತಿ ಬಿಡಿಸಿ ಒಂದು ಎಲೆಯನ್ನು ಹಿಡಿದು ಎಳೆಯಿರಿ. ಸುಲಭವಾಗಿ ಕಿತ್ತುಬಂದರೆ ಮಿಕ್ಕವೂ ಹಾಗೆಯೇ. ನಾಲ್ಕು ಪ್ರತಿಗಳನ್ನು ಒಂದರ ಮೇಲೊಂದು ಪೇರಿಸಿ ಕತ್ತರಿ ಓರೆಯಾಗಿದೆಯೇ ನೋಡಿ.

ಇಷ್ಟಾದ ಮೇಲೆ ಆ ಹತ್ತರಲ್ಲಿ ಒಂದು ಪ್ರತಿಯ ಮೇಲೆ ಪೆನ್ಸಿಲಿನಲ್ಲಿ "ತಿದ್ದುಪಡಿ ಪ್ರತಿ" ಎಂದು ಬರೆದು ಕಪಾಟಿನಲ್ಲಿಡಿ. ಓದುಗರು ಹೇಳಿದ ಪ್ರತಿ ತಪ್ಪೂ, ನಿಮಗೆ ಕಂಡ ಪ್ರತಿ ಅಂಚಿನ ಕೊರತೆಯೂ ಅದೇ ದಿನ ಅದರಲ್ಲಿ ಗುರುತಾಗಲಿ. ಎರಡನೇ ಮುದ್ರಣಕ್ಕೆ ಪ್ರೆಸ್ಸಿನಿಂದ ಫೋನ್ ಬಂದಾಗ ಕೈಗೆ ಮೊದಲು ಸಿಗಬೇಕಾದ್ದು ಆ ಪ್ರತಿ.